ಆರ್ವಿಡ್ ಕೊಸ್ಕಿಯ ಪಟ್ಟಿಯಲ್ಲಿ ಇಲ್ಲದ ಜಾಗ

ನಮ್ಮ ಗುರುವಾರದ ಗುಂಪಿನಲ್ಲಿ ಒಂದು ಕಟ್ಟುಪಾಡು ಇದೆ. ಮನೆತನದ ಹೆಸರು ಹೇಳಬಾರದು, ಒಳಗೆ ಕೇಳಿದ್ದನ್ನು ಹೊರಗೆ ಆಡಬಾರದು. ಕುಡಿತ ಬಿಡಲು ಬಂದವರ ಮಾನ ಉಳಿಯಲಿ ಎಂದು ಯಾವುದೋ ದೊಡ್ಡ ಊರಿನವರು ಮಾಡಿದ ನಿಯಮ, ಒಳ್ಳೆಯದೇ. ಆದರೆ ನಮ್ಮ ನಾರ್ಡೀನ್‌ನಲ್ಲಿ ಇರುವುದೇ ಸಾವಿರದ ಒಂಬೈನೂರು ಜನ. ಗುರುವಾರ ಸಂಜೆ ಲುಥೆರನ್ ಚರ್ಚಿನ ನೆಲಮಾಳಿಗೆಗೆ ಇಳಿಯುವವರು ಯಾರ್‍ಯಾರು ಎಂದು ಎದುರು ಮನೆಯ ನಾಯಿಗೂ ಗೊತ್ತು. ಹಾಗಾಗಿ ನಾನು ಆರ್ವಿಡ್ ಕೊಸ್ಕಿಯನ್ನೇ ನೇರವಾಗಿ ಕೇಳಿದೆ.

"ನಿನ್ನ ಕಥೆ ಬರೀಲೇನಯ್ಯಾ?"

"ಬರಿ. ಹೆಸರೂ ಹಾಕು. ಆ ಐಸ್ ಬಂಡಿ ವಿಷಯ ಮಾತ್ರ ಸ್ವಲ್ಪ ಮೊಟಕು ಮಾಡಿ ಬರಿ" ಎಂದ.

ಮೊಟಕು ಮಾಡುವುದು ನನ್ನ ಜಾಯಮಾನದಲ್ಲಿಲ್ಲ. ನಾನು ಲೂಡಿ ಜುಪಾನ್, ಮೂವತ್ತೆಂಟು ವರ್ಷ ಈ ಊರಿನ ಕೊಳಾಯಿ ರಿಪೇರಿ ಮಾಡಿದವನು. ಕಟ್ಟಿಕೊಂಡದ್ದನ್ನು ಹೊರಗೆ ತೆಗೆಯುವುದೇ ನನ್ನ ಕಸುಬು. ಕುಡಿತ ಬಿಟ್ಟು ಹದಿನಾಲ್ಕು ವರ್ಷವಾಯಿತು. ಆರ್ವಿಡ್‌ಗೆ ನಾನು ಸ್ಪಾನ್ಸರ್, ಅಂದರೆ ಅವನಿಗೆ ಕುಡಿಯಬೇಕು ಅನಿಸಿದಾಗ ಮೊದಲು ಫೋನ್ ಮಾಡಿ ಬೈಸಿಕೊಳ್ಳಬೇಕಾದ ಮನುಷ್ಯ.

ಆರ್ವಿಡ್ ನಮ್ಮೂರ ಐಸ್ ಹಾಕಿ ಅಂಗಳದ ಐಸ್ ಬಂಡಿ ಓಡಿಸುತ್ತಿದ್ದ. ಆಟದ ನಡುವೆ ಬಿಡುವು ಬಂದಾಗ ಗೀರುಬಿದ್ದ ಮಂಜಿನ ನೆಲವನ್ನು ಕೆರೆದು, ಮೇಲೆ ಬಿಸಿನೀರು ಹರಿಸಿ, ಕನ್ನಡಿಯ ಹಾಗೆ ಮಾಡುವ ದೊಡ್ಡ ಯಂತ್ರ ಅದು. ಅವನಷ್ಟು ಚೆನ್ನಾಗಿ ಅದನ್ನು ಓಡಿಸುವವನು ಇಡೀ ಉತ್ತರ ಮಿನೆಸೋಟಾದಲ್ಲಿ ಇರಲಿಲ್ಲ, ಕುಡಿದಾಗ ಕೂಡ. ಆ ನವೆಂಬರಿನ ಶನಿವಾರ ಮಕ್ಕಳ ಪಂದ್ಯ ನಡೆಯುತ್ತಿತ್ತು. ಎರಡನೇ ಬಿಡುವಿನಲ್ಲಿ ಆರ್ವಿಡ್ ನೆಲ ಒರೆಸಲು ಬಂಡಿ ಹತ್ತಿದ. ಒರೆಸಿದ. ಆಮೇಲೆ ನಿಲ್ಲಿಸಲಿಲ್ಲ. ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಮುಖ್ಯ ರಸ್ತೆಗೆ ಇಳಿದು, ಗಂಟೆಗೆ ಒಂಬತ್ತು ಮೈಲಿ ವೇಗದಲ್ಲಿ ಬಾರಿನ ಕಡೆ ಹೊರಟ. ನೀರಿನ ನಲ್ಲಿ ಮುಚ್ಚಿರಲಿಲ್ಲ. ಹೊರಗೆ ಮೈಕೊರೆಯುವ ಚಳಿ. ಅವನು ಹೋದ ದಾರಿಯುದ್ದಕ್ಕೂ ಹಿಂದೆ ಹೊಳೆಯುವ ಐಸ್ ಪಟ್ಟಿ ಹಾಸಿಕೊಂಡು ಹೋಯಿತು.

ಹಿಂದೆ ಬಂದ ಪೊಲೀಸ್ ಕಾರು ಜಾರಿ ಅಂಚೆ ಡಬ್ಬಿಗೆ ಮುತ್ತಿಟ್ಟಿತು. ಕಾರಿನಿಂದ ಇಳಿದ ಪೊಲೀಸಿನವನು ಜಾರಿ ಕೂತ. ಅವನನ್ನು ಎತ್ತಲು ಬಂದ ಪಾದ್ರಿಯೂ ಕೂತರು. ಆರ್ವಿಡ್ ಮಾತ್ರ ಬಾರಿನ ಮುಂದೆ ಬಂಡಿಯನ್ನು ಗೆರೆ ದಾಟದಂತೆ ನಿಲ್ಲಿಸಿ, ಪಾರ್ಕಿಂಗ್ ಯಂತ್ರಕ್ಕೆ ಚಿಲ್ಲರೆ ಹಾಕಿ, ಟೋಪಿ ತೆಗೆದು ಒಳಗೆ ಹೋದ. ಕಾನೂನು ಪಾಲಿಸುವ ಮನುಷ್ಯ.

ನ್ಯಾಯಾಧೀಶರು ಎರಡು ದಾರಿ ಕೊಟ್ಟರು: ಜೈಲು, ಇಲ್ಲವೇ ಇಪ್ಪತ್ತೆಂಟು ದಿನ ಕುಡಿತ ಬಿಡಿಸುವ ಆಸ್ಪತ್ರೆ. ಅಂಗಳದ ಸಮಿತಿಯವರು ಬಂಡಿಯ ಬೀಗದ ಕೈ ಕಿತ್ತುಕೊಂಡರು. ಅವನ ಹೆಂಡತಿ ಮಾರ್ಲಿಸ್ ಏನೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷದಿಂದ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

ಆಸ್ಪತ್ರೆಯಲ್ಲಿ ಅವನಿಂದ ಒಂದು ಪಟ್ಟಿ ಬರೆಸಿದರು. ಮನೆಯಲ್ಲಿ ಎಲ್ಲೆಲ್ಲಿ ಬಾಟಲಿ ಬಚ್ಚಿಟ್ಟಿದ್ದೀಯ, ಒಂದೂ ಬಿಡದೆ ಬರಿ ಎಂದರು. ಆ ಪಟ್ಟಿ ನನ್ನ ಕೈಗೆ ಬಂತು. ಅವನು ಕ್ರಿಸ್‌ಮಸ್ಸಿಗೆ ಮನೆಗೆ ಬರುವ ಮುಂಚೆ ನಾವು ಹೋಗಿ ಮನೆ ಸ್ವಚ್ಛ ಮಾಡುವುದು ನಮ್ಮ ಗುಂಪಿನ ಪದ್ಧತಿ. ಯಾರ ಮನೆಗಾದರೂ ಒಬ್ಬರೇ ಹೋಗುವಂತಿಲ್ಲ, ಇಬ್ಬರು ಹೋಗಬೇಕು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಜೊತೆಗೆ ಬಂದವಳು ಬರ್ನಡೀನ್. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವಳು, ಕುಡಿತ ಬಿಟ್ಟು ಇಪ್ಪತ್ತಾರು ವರ್ಷ. ವೋಡ್ಕಾಕ್ಕೆ ವಾಸನೆಯೇ ಇಲ್ಲ ಎಂದು ಜನ ಹೇಳುತ್ತಾರಲ್ಲ, ಆ ಜನ ಬರ್ನಡೀನಳ ಮೂಗನ್ನು ನೋಡಿಲ್ಲ.

ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ. ಪಟ್ಟಿ ಓದುತ್ತಾ ಓದುತ್ತಾ ನಮಗೆ ಅವನ ಮೇಲಿದ್ದ ಗೌರವ ಇಳಿಯುತ್ತಾ ಹೋಯಿತು.

"ಓಟ್ಸ್ ಡಬ್ಬಿ!" ಎಂದು ಬರ್ನಡೀನ್ ಮೂಗು ಮುರಿದಳು. "ಇದು ಎಳಸು ಮಕ್ಕಳು ಇಡೋ ಜಾಗ. ಎರಡನೇ ವರ್ಷಕ್ಕೇ ನಾನು ಇದನ್ನ ಬಿಟ್ಟುಬಿಟ್ಟಿದ್ದೆ."

"ಇಲ್ಲಿ ನೋಡು, ಕಕ್ಕಸಿನ ಫ್ಲಶ್ ತೊಟ್ಟಿ" ಎಂದೆ ನಾನು. "ಅದೂ ತೇಲೋ ಚೆಂಡಿಗೆ ಒತ್ತಿಕೊಂಡು ಇಟ್ಟಿದ್ದಾನೆ. ಎಷ್ಟು ನೀರು ಪೋಲಾಗಿರಬೇಕು! ಕಸುಬು ಗೊತ್ತಿಲ್ಲದೋರು ಇದಕ್ಕೆಲ್ಲಾ ಕೈ ಹಾಕಬಾರದು."

"ಸೌನಾದ ಹಬೆಕೋಣೇಲಿ, ಬರ್ಚ್ ಸೊಪ್ಪಿನ ಕಟ್ಟಿನೊಳಗೆ. ಹೂಂ, ಇದು ಪರವಾಗಿಲ್ಲ. ಇದಕ್ಕೆ ಮೆಚ್ಚಬೇಕು" ಎಂದಳು ಅವಳು.

ಕಾರಿನ ಗಾಜು ತೊಳೆಯುವ ನೀಲಿ ನೀರಿನ ತೊಟ್ಟಿಯಲ್ಲಿ ನೀರೇ ಇರಲಿಲ್ಲ, ವೋಡ್ಕಾ ಇತ್ತು. ರಬ್ಬರ್ ಬೂಟಿನಲ್ಲಿ ಒಂದು, ಕಸ ಹೀರುವ ಯಂತ್ರದ ಚೀಲದಲ್ಲಿ ಒಂದು, ಕ್ರಿಸ್‌ಮಸ್ ಗೊಂಬೆಗಳ ಪೆಟ್ಟಿಗೆಯಲ್ಲಿ ಕುರಿಗಳ ಹಿಂದೆ ಒಂದು. ನಾವಿಬ್ಬರೂ ಸಂತೆಗೆ ಬಂದ ಹಾಗೆ ಹುರುಪಿನಿಂದ ಓಡಾಡಿದೆವು. ಮಾರ್ಲಿಸ್ ಕಾಫಿ ಮಾಡಿ, ನಿಂಬೆಯ ಸಿಹಿ ಬಿಲ್ಲೆ ತಟ್ಟೆಯಲ್ಲಿಟ್ಟು, ಕೈ ಕಟ್ಟಿಕೊಂಡು ನಿಂತಿದ್ದಳು. ಒಂದೊಂದು ಬಾಟಲಿ ಹೊರಬಂದಾಗಲೂ ಅವಳ ಮುಖ ಸ್ವಲ್ಪ ಸ್ವಲ್ಪವೇ ಮುದುಡುತ್ತಿತ್ತು. ಅದನ್ನು ಕಂಡಾಗ ನನಗೆ ನಾಚಿಕೆಯಾಯಿತು. ನಾನು ನಗುವುದನ್ನು ನಿಲ್ಲಿಸಿದೆ.

ಎಲ್ಲಾ ಮುಗಿದ ಮೇಲೆ ಅವಳು ಹೇಳಿದಳು. "ಲೂಡಿ, ಅವನಿಗೆ ನೀನೇ ಹೇಳಿಬಿಡು. ಇನ್ನು ಒಂದೇ ಒಂದು ಬಾಟಲಿ ಈ ಮನೇಲಿ ಸಿಗಲಿ, ನಾನು ಬೆಮಿಜಿಗೆ ನಮ್ಮಕ್ಕನ ಮನೆಗೆ ಹೊರಟೆ. ಕೂಗಾಡಲ್ಲ, ಅಳಲ್ಲ. ಹೊರಟೆ, ಅಷ್ಟೇ."

ಮಾರ್ಲಿಸ್ ಆಡಿದ ಮಾತಿಗೆ ತಪ್ಪುವವಳಲ್ಲ. ಅದು ಇಡೀ ಊರಿಗೆ ಗೊತ್ತು.

ಮನೆಗೆ ಹೋಗುವಾಗ ಕಾರಿನಲ್ಲಿ ಬರ್ನಡೀನ್ ಆ ಪಟ್ಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದಳು. ಆಮೇಲೆ, "ಇನ್ನೊಂದಿದೆ" ಎಂದಳು.

"ಪಟ್ಟಿಯಲ್ಲಿರೋದೆಲ್ಲಾ ಸಿಕ್ತಲ್ಲ?"

"ಪಟ್ಟಿಯಲ್ಲಿ ಯಾವಾಗಲೂ ಒಂದು ಕಡಿಮೆ ಇರುತ್ತೆ ಲೂಡಿ. ನಿಂದೂ ಇತ್ತು. ನಂದೂ ಇತ್ತು. ನಮ್ಮ ಮಾವನ ಅಕಾರ್ಡಿಯನ್ ವಾದ್ಯದ ಒಳಗೆ ಏಳು ತಿಂಗಳು ಇಟ್ಟಿದ್ದೆ. ಕುಡೀಲಿಲ್ಲ. ಇದೆ ಅಂತ ಒಂದು ಧೈರ್ಯ, ಅಷ್ಟೇ."

ಅವಳು ಹೇಳಿದ್ದು ನಿಜ. ಆ ಒಂದು ಬಾಟಲಿ ಇದೆಯಲ್ಲ, ಅದು ಬಾಗಿಲಲ್ಲಿ ಬಿಟ್ಟ ಸಂದು. ಅದು ಇರುವ ತನಕ ನೀನು ಬಿಟ್ಟಿಲ್ಲ, ಸುಮ್ಮನೆ ಕಾಯುತ್ತಿದ್ದೀಯ. ಆರ್ವಿಡ್ ಅದನ್ನು ಎಲ್ಲಿ ಇಟ್ಟಿದ್ದಾನೆ, ಯಾವತ್ತು ಬಾಯಿಬಿಡುತ್ತಾನೆ ಎಂಬುದೇ ನನಗೆ ಅಂದಿನಿಂದ ಚಿಂತೆಯಾಯಿತು. ಬಾಯಿಬಿಟ್ಟರೆ ಹೆಂಡತಿ ಹೋಗುತ್ತಾಳೆ, ಬಿಡದಿದ್ದರೆ ಒಂದಲ್ಲ ಒಂದು ದಿನ ಕುಡಿಯುತ್ತಾನೆ.

ಮನೆಗೆ ಬಂದ ಆರ್ವಿಡ್ ಒಳ್ಳೆಯ ವಿದ್ಯಾರ್ಥಿಯಾದ. ಅತಿ ಒಳ್ಳೆಯ ವಿದ್ಯಾರ್ಥಿ. ಬಾರುಗಳ ಮುಂದೆ ಹಾಯಬೇಡ ಎಂದು ನಾನು ಹೇಳಿದ್ದೆ. ನಮ್ಮ ಮುಖ್ಯ ರಸ್ತೆಯಲ್ಲಿ ಏಳು ಬಾರು. ಅವನು ಅಂಗಡಿಗೆ ಹೋಗಿ ಹಾಲು ತರಬೇಕಾದರೆ ಸ್ಮಶಾನದ ಮೂಲಕ ಹೋಗಿ, ಚರ್ಚಿನ ಹಿಂದೆ ಹಾದು, ಹಲ್ಲಿನ ಡಾಕ್ಟರ ಹಿತ್ತಲಿನ ಬೇಲಿ ಹಾರುತ್ತಿದ್ದ. ಡಾಕ್ಟರ ನಾಯಿ ಅವನ ಎರಡು ಪ್ಯಾಂಟು ಹರಿಯಿತು, ಮೂರನೆಯದರ ಹೊತ್ತಿಗೆ ಸ್ನೇಹವಾಯಿತು. ಹಸಿವು, ಸಿಟ್ಟು, ಒಂಟಿತನ, ಆಯಾಸ, ಈ ನಾಲ್ಕು ಬಂದಾಗ ಹುಷಾರಾಗಿರು ಎಂದು ನಾವೆಲ್ಲಾ ಹೇಳಿಕೊಡುತ್ತೇವೆ. ಆರ್ವಿಡ್ ಮೊದಲನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಸಿಟ್ಟು ಬಂದರೂ ತಿಂದ, ಒಂಟಿತನಕ್ಕೂ ತಿಂದ. ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ. ಜೂನ್ ಹೊತ್ತಿಗೆ ಅವನ ಕೋಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ.

ಗುಂಪಿನಲ್ಲಿ ಹೊಸಬರಿಗೆ ಒಂದು ಕೆಲಸ ಕೊಡುತ್ತೇವೆ, ಕೈ ಸುಮ್ಮನಿರಬಾರದು ಎಂದು. ಅವನಿಗೆ ಕಾಫಿ ಮಾಡುವ ಕೆಲಸ ಬಂತು. ನೆಲ ಒರೆಸುವ ಬಂಡಿಯವನಿಗೆ ಅಳತೆ ಗೊತ್ತಿಲ್ಲ. ಮೊದಲ ಗುರುವಾರದ ಕಾಫಿ ಕುಡಿದ ಮುದುಕ ಸ್ವೆಂಡ್ ಮೂರು ದಿನ ಕಣ್ಣು ಮುಚ್ಚಲಿಲ್ಲ. ಆದರೂ ಯಾರೂ ದೂರಲಿಲ್ಲ. ಪ್ರತಿದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ನನಗೆ ಫೋನ್ ಬರುತ್ತಿತ್ತು.

"ಲೂಡಿ, ಇವತ್ತು ಕುಡಿಯಲ್ಲ."

"ಸರಿ. ಆ ಇನ್ನೊಂದು ಎಲ್ಲಿದೆ?"

"ಯಾವ ಇನ್ನೊಂದು?"

"ನಾಳೆ ಮಾತಾಡೋಣ" ಎಂದು ಇಡುತ್ತಿದ್ದೆ.

ಹತ್ತು ತಿಂಗಳು ಇದೇ ಮಾತು. ಅವನು ಪ್ರತಿಸಲವೂ 'ಯಾವ ಇನ್ನೊಂದು' ಎನ್ನುವ ಮುಂಚೆ ಒಂದು ಉಸಿರು ತಡೆದು ಹೇಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ.

ಅಕ್ಟೋಬರಿನ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬಂತು. ಏಳಕ್ಕೆ ಒಮ್ಮೆ ಬಂದಾಗಿತ್ತು.

"ಲೂಡಿ" ಎಂದ. "ಮೀನು ನನ್ನನ್ನೇ ನೋಡ್ತಾ ಇದೆ."

"ಕುಡಿದ್ಯೇನೋ?"

"ಇಲ್ಲ. ಆದರೆ ಮೀನು ನೋಡ್ತಾ ಇದೆ. ಬೇಗ ಬಾ."

ದಾರಿಯಲ್ಲಿ ಬರ್ನಡೀನಳನ್ನು ಹತ್ತಿಸಿಕೊಂಡೆ. ನಾವು ಹೋದಾಗ ಆರ್ವಿಡ್ ಕುರ್ಚಿಯನ್ನು ಗೋಡೆಗೆ ಬೆನ್ನು ಮಾಡಿ ಹಾಕಿಕೊಂಡು, ಎರಡೂ ಕೈಯಲ್ಲಿ ಪಾಸ್ಟಿ ಹಿಡಿದು, ಅಳುತ್ತಾ ತಿನ್ನುತ್ತಿದ್ದ. ಅವನ ಹಿಂದೆ ಗೋಡೆಯ ಮೇಲೆ ಮಾರ್ಲಿಸಳ ಮೀನು.

ಆ ಮೀನಿನ ವಿಷಯ ಹೇಳಲೇಬೇಕು. ಇಪ್ಪತ್ತನಾಲ್ಕು ಪೌಂಡಿನ ಪೈಕ್ ಮೀನು. ಹತ್ತೊಂಬತ್ತು ವರ್ಷದ ಹಿಂದೆ ಐನೋ ಕೆರೆಯಲ್ಲಿ ಗಂಡ ಹೆಂಡತಿ ದೋಣಿಯಲ್ಲಿದ್ದಾಗ ಸಿಕ್ಕಿದ್ದು. ಆರ್ವಿಡ್ ಕುಡಿದು ದೋಣಿಯ ತಳದಲ್ಲಿ ಗೊರಕೆ ಹೊಡೆಯುತ್ತಿದ್ದ. ಮಾರ್ಲಿಸ್ ಒಬ್ಬಳೇ ನಲವತ್ತು ನಿಮಿಷ ಎಳೆದಾಡಿ ಅದನ್ನು ಮೇಲೆ ತಂದಳು. ಅಂಗೈ ಕುಯ್ದುಹೋಗಿತ್ತು. ಊರಿಗೆ ಬಂದಾಗ ಗಂಡಸರೆಲ್ಲಾ ಆರ್ವಿಡ್‌ನ ಬೆನ್ನು ತಟ್ಟಿದರು. ಅವನೂ ತಟ್ಟಿಸಿಕೊಂಡ. ಮಾರ್ಲಿಸ್ ಮೀನಿಗೆ ಹೊಟ್ಟು ತುಂಬಿಸಿ, ಹಲಗೆಗೆ ಬಡಿಸಿ, ಕೆಳಗೆ ಹಿತ್ತಾಳೆ ಫಲಕ ಹಾಕಿಸಿದಳು: 'ಹಿಡಿದವಳು ಮಾರ್ಲಿಸ್ ಕೊಸ್ಕಿ'. ಅದಕ್ಕೆ ಗುಸ್ತಾಫ್ ಎಂದು ಹೆಸರಿಟ್ಟಳು. ಪ್ರತಿದಿನ ಬೆಳಿಗ್ಗೆ ಗಂಡನಿಗೆ ಮುಂಚೆ ಗುಸ್ತಾಫನಿಗೆ ನಮಸ್ಕಾರ ಹೇಳುತ್ತಿದ್ದಳು. ಅವಳ ಬದುಕಿನಲ್ಲಿ ಆರ್ವಿಡ್ ಕೆಡಿಸಲಾಗದ ವಸ್ತು ಅದೊಂದೇ ಎಂದು ನಾವೆಲ್ಲಾ ತಿಳಿದಿದ್ದೆವು.

"ಅದರೊಳಗೆ" ಎಂದ ಆರ್ವಿಡ್, ತಿರುಗಿ ನೋಡದೆ.

ಬರ್ನಡೀನ್ ಪಟ್ಟನೆ ಕುರ್ಚಿಯಲ್ಲಿ ಕೂತಳು. "ಅಯ್ಯೋ ನಿನ್ನ! ಗುಸ್ತಾಫನ ಒಳಗಾ?"

"ಗೋಡೆ ಕಡೆ ಹೊಟ್ಟೆ ಸೀಳಿದ್ದೀನಿ. ಒಳಗೆ ತುಂಬಿದ್ದ ಹೊಟ್ಟನ್ನೆಲ್ಲಾ ಐಸ್‌ಕ್ರೀಮ್ ಚಮಚದಲ್ಲಿ ಕೆರೆದು ತೆಗೆದೆ. ನಾಲ್ಕು ವರ್ಷ ಆಯ್ತು. ಚಪ್ಪಟೆ ಬಾಟಲಿ ಸರಿಯಾಗಿ ಕೂರುತ್ತೆ."

ಬರ್ನಡೀನ್ ತಡೆಯಲಾರದೆ, "ಇಂಥ ಜಾಗ ನನಗೆ ಹೊಳೆದೇ ಇರಲಿಲ್ಲ ನೋಡು" ಎಂದುಬಿಟ್ಟಳು. ನಾನು ಅವಳನ್ನು ಕಣ್ಣಲ್ಲೇ ಗದರಿದೆ.

ನಡೆದದ್ದು ಇಷ್ಟೇ. ಆ ಬೆಳಿಗ್ಗೆ ಅಂಗಳದ ಸಮಿತಿಯಿಂದ ಫೋನ್ ಬಂದಿತ್ತು. ನವೆಂಬರ್ ಒಂದರಿಂದ ಬಂಡಿಯ ಬೀಗದ ಕೈ ವಾಪಸ್ ಕೊಡುತ್ತೇವೆ ಎಂದಿದ್ದರು. ಆರ್ವಿಡ್‌ಗೆ ಹಸಿವಾಗಿರಲಿಲ್ಲ, ಸಿಟ್ಟಿರಲಿಲ್ಲ, ಒಂಟಿ ಅನಿಸಿರಲಿಲ್ಲ, ಆಯಾಸವೂ ಇರಲಿಲ್ಲ. ಖುಷಿಯಾಗಿತ್ತು. ಖುಷಿಗೆ ಏನು ಮಾಡಬೇಕು ಎಂದು ನಾವು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅವನು ಎದ್ದು ನೇರವಾಗಿ ಮೀನಿನ ಹತ್ತಿರ ಹೋಗಿದ್ದ. ಕೈ ಎತ್ತಿದ್ದ. ಆಮೇಲೆ, ದೇವರ ದಯೆ, ಫೋನಿನ ಹತ್ತಿರ ಹೋದ.

"ಫೋನ್ ಮಾಡಿದ್ಯಲ್ಲ, ಅಷ್ಟು ಸಾಕು" ಎಂದೆ. "ನೀನು ಗೆದ್ದೆ ಕಣೋ."

"ಏನು ಗೆದ್ದೆ? ಮಾರ್ಲಿಸ್ ಹೋಗ್ತಾಳೆ. ಬಾಟಲಿ ಆದರೂ ತಡ್ಕೋತಾಳೋ ಏನೋ. ಮೀನು? ಗುಸ್ತಾಫನ ಹೊಟ್ಟೆ ಸೀಳಿದ್ದು ಗೊತ್ತಾದರೆ ಇನ್ನು ಮುಗೀತು."

ಈಗ ಸ್ಪಾನ್ಸರ್ ಆದವನು ಮಾಡಬೇಕಾದ ಕೆಲಸ ಒಂದೇ. ಮಾರ್ಲಿಸ್ ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರ ಜೊತೆ ಆಲೂಗಡ್ಡೆ ರೊಟ್ಟಿ ಲಟ್ಟಿಸುತ್ತಿದ್ದಳು. ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಸಬೇಕು. ನೂರು ಜನರಿಗೆ ನಾನು ಇದನ್ನೇ ಬೋಧಿಸಿದ್ದೇನೆ. ಬಚ್ಚಿಟ್ಟದ್ದೇ ರೋಗ, ಹೇಳಿದ್ದೇ ಮದ್ದು ಎಂದು ಮೇಜು ಕುಟ್ಟಿದ್ದೇನೆ.

ಆದರೆ ಬರ್ನಡೀನ್ ಗಡಿಯಾರ ನೋಡಿದಳು. ನಾನು ಬರ್ನಡೀನಳನ್ನು ನೋಡಿದೆ.

"ಅವಳು ಬರೋದು ಹನ್ನೆರಡಕ್ಕೆ" ಎಂದಳು ಮೆಲ್ಲಗೆ.

"ಬಾಟಲಿ ತೆಗೆದು, ಅಂಟು ಹಾಕಿ, ಮತ್ತೆ ನೇತು ಹಾಕೋಕೆ ಅರ್ಧ ಗಂಟೆ ಸಾಕು" ಎಂದೆ. ಹೀಗೆ ಎಂದವನು ನಾನೇ. ಹದಿನಾಲ್ಕು ವರ್ಷ, ಇಪ್ಪತ್ತಾರು ವರ್ಷ, ಎಲ್ಲಾ ಸೇರಿ ನಲವತ್ತು ವರ್ಷದ ಸಭ್ಯತೆ ಕಿಟಕಿಯಿಂದ ಹಾರಿಹೋಯಿತು. ಹುಟ್ಟುಗುಣ ಘಟ್ಟ ಹತ್ತಿದರೂ ಹೋಗದು. ಬಚ್ಚಿಡುವುದರಲ್ಲಿ ಆಯುಷ್ಯ ಕಳೆದವರಿಗೆ ಬಾಟಲಿ ಕಂಡ ಕೂಡಲೇ ಬರುವ ಮೊದಲ ಯೋಚನೆ ಅದನ್ನು ಹೇಗೆ ಮುಚ್ಚುವುದು ಎಂಬುದೇ.

ಮೀನನ್ನು ಹಲಗೆಯಿಂದ ಬಿಡಿಸಿ ಅಡುಗೆಮನೆಯ ಮೇಜಿನ ಮೇಲೆ ತಂದೆವು. ತರುವಾಗ ಆರ್ವಿಡ್ ಬಾಲ ಹಿಡಿದಿದ್ದ, ಬರ್ನಡೀನ್ ತಲೆ ಹಿಡಿದಿದ್ದಳು. ಅವನು ಎತ್ತರ, ಅವಳು ಗಿಡ್ಡ. ಬಾಟಲಿ ಒಳಗೇ ಜಾರಿ ಗುಸ್ತಾಫನ ಗಂಟಲಲ್ಲಿ ಹೋಗಿ ಸಿಕ್ಕಿಕೊಂಡಿತು. ಸೀಳಿನಿಂದ ಕೈ ಹಾಕಿದರೆ ಬೆರಳಿಗೆ ತಾಗುತ್ತದೆ, ಹಿಡಿತಕ್ಕೆ ಬರುವುದಿಲ್ಲ.

"ಕಟ್ಟಿಕೊಂಡ ಕೊಳವೇನ ಎರಡೂ ಕಡೆಯಿಂದ ಬಿಡಿಸಬೇಕು" ಎಂದೆ ಗತ್ತಿನಿಂದ. ತೋಳು ಮಡಚಿ ಬಾಯಿಯ ಕಡೆಯಿಂದ ಕೈ ಹಾಕಿದೆ. ಬಾಟಲಿಯ ಕತ್ತು ಸಿಕ್ಕಿತು. ಎಳೆದೆ. ಬಾಟಲಿ ಬರಲಿಲ್ಲ. ನನ್ನ ಕೈಯೂ ಬರಲಿಲ್ಲ.

ಪೈಕ್ ಮೀನಿನ ಹಲ್ಲು ಒಳಮುಖವಾಗಿ ಬಾಗಿರುತ್ತದೆ. ಒಳಗೆ ಹೋಗುವುದಕ್ಕೆ ಅಡ್ಡಿಯಿಲ್ಲ, ಹೊರಗೆ ಬರುವುದಕ್ಕೆ ಬಿಡುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಸತ್ತ ಮೀನು ನನ್ನ ಮಣಿಕಟ್ಟನ್ನು ಕಚ್ಚಿ ಹಿಡಿದಿತ್ತು.

"ಬೆಣ್ಣೆ ಹಚ್ಚು" ಎಂದಳು ಬರ್ನಡೀನ್. ಬೆಣ್ಣೆ ಹಚ್ಚಿದರು. ಈಗ ಕೈ ಇನ್ನೂ ಎರಡು ಅಂಗುಲ ಒಳಗೆ ಹೋಯಿತು.

"ನೀನು ಎಳಿ, ನಾನು ಬಾಲ ಹಿಡ್ಕೋತೀನಿ" ಎಂದ ಆರ್ವಿಡ್. ನಾನು ಎಳೆದೆ. ಬಾಲದ ರೆಕ್ಕೆಯ ಒಂದು ತುಂಡು ಅವನ ಕೈಯಲ್ಲಿ ಬಂತು. ಅವನು ಅದನ್ನೇ ನೋಡುತ್ತಾ ನಿಂತ.

"ಪಾಸ್ಟಿ ತಿನ್ನು" ಎಂದೆ ನಾನು. ಅಂಥ ಸಮಯದಲ್ಲೂ ನಾನು ಸ್ಪಾನ್ಸರ್ರೇ.

ಆಗ ಹಿಂದಿನ ಬಾಗಿಲು ತೆರೆದುಕೊಂಡಿತು. ಚರ್ಚಿನಲ್ಲಿ ನಾಲ್ಕು ಕರೆಂಟಿನ ಹೆಂಚು ಒಟ್ಟಿಗೆ ಹಾಕಿ ಫ್ಯೂಸ್ ಹೋಗಿತ್ತಂತೆ. ಮಾರ್ಲಿಸ್ ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ಬಂದು ನಿಂತಳು. ಅವಳ ಅಡುಗೆಮನೆಯ ಮೇಜಿನ ಮೇಲೆ ಅವಳ ಮೀನು, ಮೀನಿನ ಬಾಯಲ್ಲಿ ನಾನು, ಅವಳ ಗಂಡನ ಕೈಯಲ್ಲಿ ಬಾಲ.

"ಏನಿದು?" ಎಂದಳು.

"ಧೂಳು ಒರೆಸ್ತಾ ಇದ್ವಿ" ಎಂದಳು ಬರ್ನಡೀನ್, ಕಣ್ಣು ಮಿಟುಕಿಸುವಷ್ಟರಲ್ಲಿ.

"ಹಲ್ಲಿಗೆ ಹುಳ ಹತ್ತಿತ್ತು. ಪಾಲಿಷ್ ಮಾಡಿಸೋಣ ಅಂತ, ನಿನಗೆ ಆಶ್ಚರ್ಯ ಆಗಲಿ ಅಂತ" ಎಂದೆ ನಾನು, ಅದಕ್ಕಿಂತ ಬೇಗ.

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ಹದಿನಾಲ್ಕು ವರ್ಷದಿಂದ ಒಂದು ತೊಟ್ಟೂ ಮುಟ್ಟಿಲ್ಲ, ಮತ್ತೆ ಸುಳ್ಳು ಹೀಗೆ, ಒಗ್ಗರಣೆ ಸಾಸಿವೆ ಸಿಡಿದಷ್ಟು ಸಲೀಸಾಗಿ ಬಂತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆರ್ವಿಡ್ ಬಾಲದ ತುಂಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಇಬ್ಬರೂ ಸುಳ್ಳು ಹೇಳ್ತಿದ್ದಾರೆ ಮಾರ್ಲಿಸ್" ಎಂದ. "ಗುಸ್ತಾಫನ ಒಳಗೆ ಬಾಟಲಿ ಇದೆ. ನಾನೇ ಇಟ್ಟಿದ್ದು. ನಾನೇ ಹೊಟ್ಟೆ ಸೀಳಿದ್ದು. ಪಟ್ಟಿಯಲ್ಲಿ ಬರೀಲಿಲ್ಲ, ಬೇಕಂತಲೇ ಬರೀಲಿಲ್ಲ. ಇವತ್ತು ತೆಗೆದು ಕುಡಿಯೋಕೆ ಹೋಗಿದ್ದೆ. ಕುಡೀಲಿಲ್ಲ. ಲೂಡಿಗೆ ಫೋನ್ ಮಾಡಿದೆ. ಆಮೇಲೆ ನಿನಗೆ ಗೊತ್ತಾಗದ ಹಾಗೆ ಮುಚ್ಚಿಬಿಡೋಣ ಅಂತ ಒಪ್ಪಿಕೊಂಡೆ. ಅದೂ ತಪ್ಪು."

ಹತ್ತು ತಿಂಗಳ ಎಳೆಯ. ನಾವು ಅವನ ಗುರುಗಳು. ನನಗೆ ಮುಖ ಮುಚ್ಚಿಕೊಳ್ಳಬೇಕು ಅನಿಸಿತು, ಆದರೆ ಒಂದು ಕೈ ಮೀನಿನಲ್ಲಿತ್ತು.

ಮಾರ್ಲಿಸ್ ಡ್ರಾಯರ್ ಎಳೆದು ಇಕ್ಕಳ ತೆಗೆದಳು. ಗುಸ್ತಾಫನ ದವಡೆಯನ್ನು ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ, ಒಂದು ತಿರುವು ತಿರುವಿದಳು. ನನ್ನ ಕೈ ಹೊರಗೆ ಬಂತು, ಬಾಟಲಿಯೂ ಬಂತು. ಬಾಟಲಿಯ ಮುಚ್ಚಳದ ಮುದ್ರೆ ಒಡೆದಿರಲಿಲ್ಲ. ಅದನ್ನು ಬೆಳಕಿಗೆ ಹಿಡಿದು ನೋಡಿದಳು. ತೊಟ್ಟಿಗೆ ಸುರಿದು, ನಲ್ಲಿ ಬಿಟ್ಟು, ವಾಸನೆ ಹೋಗುವ ತನಕ ನೀರು ಹರಿಸಿದಳು. ಆಮೇಲೆ ಮೀನನ್ನು ಮಗುಚಿ ಹಾಕಿ ಸೀಳಿನ ಮೇಲೆ ಬೆರಳಾಡಿಸಿದಳು.

"ಅವತ್ತು ನೀನು ದೋಣೀಲಿ ನಿದ್ದೆ ಮಾಡ್ತಿದ್ದೆ" ಎಂದಳು. "ಎಷ್ಟು ಕೂಗಿದೆ. ಕೈಯಿಂದ ರಕ್ತ ಸುರೀತಿತ್ತು. ಏಳಲಿಲ್ಲ ನೀನು. ಇದೊಂದು ನಂದು ಅಂದ್ಕೊಂಡಿದ್ದೆ ಆರ್ವಿಡ್. ಇದೊಂದಾದರೂ."

ಆರ್ವಿಡ್ ತಲೆ ಎತ್ತಲಿಲ್ಲ. "ಹೌದು" ಎಂದ. ಕ್ಷಮಿಸು ಎನ್ನಲಿಲ್ಲ. ಆ ಮಾತನ್ನು ಅವನು ಮೂವತ್ತನಾಲ್ಕು ವರ್ಷದಲ್ಲಿ ಸವೆಸಿಬಿಟ್ಟಿದ್ದ.

ಅವಳು ಒಳಗೆ ಹೋಗಿ ಸಣ್ಣ ಸೂಟ್‌ಕೇಸ್ ತಂದಳು. ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದಳು.

"ಈ ಮೀನನ್ನ ಮೂರು ಜನದಲ್ಲಿ ಯಾರಾದರೂ ಮುಟ್ಟಿದರೆ ಕೈ ಮುರೀತೀನಿ" ಎಂದು ಹೇಳಿ, ಕಾರು ಹತ್ತಿ ಬೆಮಿಜಿಯ ದಾರಿ ಹಿಡಿದಳು. ಕೂಗಾಡಲಿಲ್ಲ, ಅಳಲಿಲ್ಲ.

ಇಂಥ ಹೊತ್ತಿನಲ್ಲಿ ಮನುಷ್ಯನನ್ನು ಒಬ್ಬನೇ ಬಿಡುವುದಿಲ್ಲ. ಗುಂಪಿನವರು ಪಾಳಿ ಹಾಕಿಕೊಂಡೆವು. ನನ್ನ ಮೊದಲ ಕೆಲಸ ಆರ್ವಿಡ್ ಮುಂದೆ ಕೂತು, "ನಾನು ಸುಳ್ಳು ಹೇಳಿದೆ, ತಪ್ಪಾಯ್ತು" ಎನ್ನುವುದಾಗಿತ್ತು. ಅವನು, "ಪರವಾಗಿಲ್ಲ ಬಿಡು, ಕೈಗೆ ಔಷಧಿ ಹಚ್ಕೋ" ಎಂದ. ಬರ್ನಡೀನ್ ಮಾಂಸ, ಆಲೂಗಡ್ಡೆ ಬೆರೆಸಿ ಬೇಯಿಸುವ ಹಾಟ್‌ಡಿಷ್ ಅನ್ನು ಮೂರು ಮನೆಗಾಗುವಷ್ಟು ಮಾಡಿ ತಂದಳು. ಮೇಜಿನ ತುಂಬಾ ಮೀನು ಮಲಗಿತ್ತು, ಮುಟ್ಟುವ ಹಾಗಿರಲಿಲ್ಲ. ತಟ್ಟೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಗುಸ್ತಾಫನ ಸುತ್ತ ಕೂತು ಉಂಡೆವು, ಹೆಣ ಕಾಯುವವರ ಹಾಗೆ. ಸ್ವೆಂಡ್ ಇಸ್ಪೀಟು ತಂದ. ಆರ್ವಿಡ್ ಆಡಿದ, ಸೋತ, ಮತ್ತೆ ಆಡಿದ. ಭಾನುವಾರ ಒಂದು ಸಲ ಎದ್ದು ಕೋಟು ಹಾಕಿಕೊಂಡ. ಎಲ್ಲಿಗೆ ಎಂದೆ. "ಗೊತ್ತಿಲ್ಲ" ಎಂದ. ನಾನೂ ಕೋಟು ಹಾಕಿಕೊಂಡೆ. ಇಬ್ಬರೂ ಸ್ಮಶಾನದ ದಾರಿಯಲ್ಲಿ ನಡೆದು, ಡಾಕ್ಟರ ಹಿತ್ತಲಿನ ಬೇಲಿಯ ಹತ್ತಿರ ನಿಂತು ನಾಯಿಗೆ ಪಾಸ್ಟಿ ತಿನ್ನಿಸಿ ವಾಪಸ್ ಬಂದೆವು.

"ಅವಳು ಬರದೆ ಇದ್ದರೆ?" ಎಂದು ದಾರಿಯಲ್ಲಿ ಕೇಳಿದ.

"ಬರದೆ ಇದ್ದರೂ ಕುಡಿಯಲ್ಲ ನೀನು."

"ಇವತ್ತು ಕುಡಿಯಲ್ಲ" ಎಂದು ತಿದ್ದಿದ.

ಸೋಮವಾರ ಮಧ್ಯಾಹ್ನ ನನ್ನ ಪಾಳಿ. ಮನೆ ಮುಂದೆ ಕಾರು ನಿಂತ ಸದ್ದಾಯಿತು. ಮಾರ್ಲಿಸ್ ಸೂಟ್‌ಕೇಸ್ ಹಿಡಿದು ಒಳಗೆ ಬಂದಳು. ನಾವಿಬ್ಬರೂ ಶಾಲೆಯಲ್ಲಿ ಮೇಷ್ಟ್ರು ಬಂದ ಹಾಗೆ ಎದ್ದು ನಿಂತೆವು.

"ಏನು ನೋಡ್ತೀರಿ?" ಎಂದಳು. "ಹೋಗ್ತೀನಿ ಅಂದಿದ್ದೆ, ಹೋದೆ. ಬರಲ್ಲ ಅಂತ ಎಲ್ಲಿ ಅಂದಿದ್ದೆ? ನಮ್ಮಕ್ಕ ದಿನಕ್ಕೆ ಹದಿನೆಂಟು ಗಂಟೆ ಮಾತಾಡ್ತಾಳೆ."

ಸೂಟ್‌ಕೇಸ್ ಕೆಳಗಿಟ್ಟು ಆರ್ವಿಡ್ ಕಡೆ ತಿರುಗಿದಳು.

"ಕುಡಿದ್ಯಾ?"

"ಇಲ್ಲ."

ಈ ಪ್ರಶ್ನೆ, ಈ ಉತ್ತರ ನಾನು ಎಷ್ಟೋ ಸಲ ಕೇಳಿದ್ದೇನೆ. ಚರ್ಚಿನ ಬಾಗಿಲಲ್ಲಿ, ಮದುವೆ ಮನೆಯಲ್ಲಿ, ಅವನ ತಾಯಿಯನ್ನು ಮಣ್ಣು ಮಾಡಿದ ದಿನ. 'ಇಲ್ಲ' ಎಂದ ಮೇಲೆ ಪ್ರತಿ ಸಲ ಮಾರ್ಲಿಸ್ ಹತ್ತಿರ ಬಂದು, ಎಲ್ಲರ ಎದುರಿಗೇ, ಅವನ ಬಾಯಿ ಮೂಸಿ ನೋಡುತ್ತಿದ್ದಳು. ಕುಡಿತ ಬಿಟ್ಟ ಈ ಹತ್ತು ತಿಂಗಳೂ ಅದು ತಪ್ಪಿರಲಿಲ್ಲ. ಆರ್ವಿಡ್‌ಗೆ ಅಭ್ಯಾಸವಾಗಿಹೋಗಿತ್ತು. ಅವನು ಸೊಂಟ ಬಗ್ಗಿಸಿ, ಮುಖ ಮುಂದೆ ಚಾಚಿ, ಹಲ್ಲಿನ ಡಾಕ್ಟರ ಮುಂದೆ ಕೂತವನ ಹಾಗೆ ಬಾಯಿ ಅಗಲಿಸಿ ನಿಂತ.

ಮಾರ್ಲಿಸ್ ಅವನ ಪಕ್ಕದಿಂದ ಹಾದು ಅಡುಗೆಮನೆಗೆ ಹೋದಳು. ಮೊಳೆಯಿಂದ ಏಪ್ರನ್ ತೆಗೆದು ಕಟ್ಟಿಕೊಂಡಳು. ಒಲೆ ಹಚ್ಚಿದಳು.

"ಬಾಯಿ ಮುಚ್ಕೋ" ಎಂದಳು, ತಿರುಗಿ ನೋಡದೆ. "ಚಳಿ ಒಳಗೆ ಹೋಗುತ್ತೆ."

ಆರ್ವಿಡ್ ಬಾಯಿ ಮುಚ್ಚಿದ. ಆಮೇಲೆ ಅಲ್ಲೇ ನಿಂತು ಅಳತೊಡಗಿದ.